ದಿನಕ್ಕೆ ಮೂರು ಸಲ ಇಳಿದ ಕೋಲು

ಪೆಟ್ರೋಲ್ ಬಂಕಿನ ಯಜಮಾನರ ಸ್ಕೂಟರ್ ಪೆಟ್ರೋಲಿಲ್ಲದೆ ನಿಂತುಬಿಟ್ಟಿತು. ನಿಂತದ್ದಾದರೂ ಎಲ್ಲಿ? ಹೊಸ ರಸ್ತೆಯ ದೊಡ್ಡ ಬಂಕಿನ ಎದುರಿಗೇ, ಹದಿನಾರು ಪಂಪುಗಳು ಸಾಲಾಗಿ ನಿಂತು ನೋಡುತ್ತಿರುವಾಗ.

ಹಿತ್ತಲಲ್ಲಿ ಬಾವಿ ಇದ್ದವರು ಕೊಡ ತುಂಬಿಸಿಡುವುದಿಲ್ಲ. ಯಜಮಾನರೂ ಹಾಗೆಯೇ, ನಮ್ಮದೇ ಪೈಪು ಇದೆಯಲ್ಲ ಎಂಬ ಧೈರ್ಯದಲ್ಲಿ ಸ್ಕೂಟರಿಗೆ ಅರ್ಧ ಲೀಟರಿಗಿಂತ ಹೆಚ್ಚು ಎಂದೂ ಹಾಕಿದವರಲ್ಲ. ಮುಚ್ಚಳ ತೆಗೆದು ಇಣುಕಿದರು. ಗಾಡಿಯನ್ನು ಒಂದು ಮಗ್ಗುಲಿಗೆ ಮಲಗಿಸಿ ಎಬ್ಬಿಸಿದರು. ಅದು ಒಂದು ಸಲ ಕೆಮ್ಮಿ ಸುಮ್ಮನಾಯಿತು.

ದೊಡ್ಡ ಬಂಕಿನ ಮ್ಯಾನೇಜರ್ ಹೊರಗೆ ಬಂದು, "ಒಳಗೆ ತಳ್ಕೊಂಡು ಬನ್ನಿ ಸರ್. ಎಷ್ಟು ಹಾಕಿಸ್ಲಿ?" ಎಂದ.

"ಪೆಟ್ರೋಲ್ ಏನೂ ಬೇಡಪ್ಪ," ಎಂದರು ಯಜಮಾನರು. "ಸ್ವಲ್ಪ ಗಾಳಿ ಬೇಕಿತ್ತು."

ಮೊದಲೇ ಬಿಗಿಯಾಗಿದ್ದ ಟೈರುಗಳಿಗೆ ಇನ್ನಷ್ಟು ಗಾಳಿ ತುಂಬಿಸಿಕೊಂಡು, ಎರಡು ಮೈಲಿ ಗಾಡಿ ತಳ್ಳಿಕೊಂಡು ತಮ್ಮ ಬಂಕು ಸೇರಿದರು. ಪಕ್ಕದ ಅಂಗಡಿಯ ಪಂಕ್ಚರ್ ಅಣ್ಣ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದುತ್ತ ತಲೆಯೆತ್ತಿದ.

"ಏನ್ ಯಜಮಾನ್ರೇ, ಗಾಡೀನ ವಾಕಿಂಗ್ ಕರ್ಕೊಂಡು ಹೋಗಿದ್ರಾ?"

"ಹೂಂ ಕಣಯ್ಯ. ಅದಕ್ಕೂ ವಯಸ್ಸಾಯ್ತಲ್ಲ. ದಿನಾ ನಡೆಸಿ ಅಂದಿದ್ದಾರೆ ಡಾಕ್ಟ್ರು."

ಹಳೆಯ ರಸ್ತೆಯ ತಿರುವಿನಲ್ಲಿದೆ ಈ ಬಂಕು. ಪಂಪುಗಳು ಎರಡು, ಒಂದಕ್ಕೆ ಗೋಣಿಚೀಲ ಹೊದಿಸಿ ನಾಲ್ಕು ವರ್ಷವಾಯಿತು. ಯಾವ ಕಂಪನಿಯ ಬೋರ್ಡೂ ಇಲ್ಲದ ಸ್ವಂತ ಬಂಕು. ಇಂಥವು ಈ ರಸ್ತೆಯಲ್ಲಿ ಐದಿದ್ದವು. ಒಂದರ ಚಾವಣಿಯ ಕೆಳಗೆ ಈಗ ಸೋಫಾ ಮಾರುತ್ತಾರೆ, ಇನ್ನೊಂದರಲ್ಲಿ ಟೈಲ್ಸ್. ಉಳಿದೆರಡರಲ್ಲಿ ಹುಲ್ಲು ಬೆಳೆದಿದೆ, ಅದನ್ನು ಯಾರೂ ಮಾರುತ್ತಿಲ್ಲ. ಕಾಲೇಜಿಗೆ ಬಂಕ್ ಹೊಡೆದ ಗೆಳೆಯರೆಲ್ಲ ಎಲ್ಲೆಲ್ಲೋ ಮೇಲೆ ಹೋದರು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಬಂಕಿಗೆ ಬಂಕ್ ಹೊಡೆಯದ ಯಜಮಾನರು ಮಾತ್ರ, ತಿರುಗುವುದನ್ನು ಎಂದೋ ಮರೆತ ತಿರುಗು ಕುರ್ಚಿಯಲ್ಲಿ ಅಲ್ಲೇ ಕೂತರು. ಹೊಸ ರಸ್ತೆ ಬಂದ ಮೇಲೆ ಎರಡು ಗಿರಾಕಿಗಳ ನಡುವೆ ಒಂದು ಸಣ್ಣ ನಿದ್ದೆಗೆ ಜಾಗವಿತ್ತು. ಈಚೆಗೆ ಕನಸಿಗೂ ಇತ್ತು.

ಆ ವಾರ ನೋಟೀಸು ಬಂತು. ಹಳೆಯ ನೆಲಟ್ಯಾಂಕುಗಳನ್ನೆಲ್ಲ ಸೋರಿಕೆ ಪರೀಕ್ಷೆಗೆ ಒಳಪಡಿಸಬೇಕು. ಸೋರಿದರೆ ಹೊಸದು ಹೂಳಬೇಕು, ಇಲ್ಲವೇ ಮುಚ್ಚಬೇಕು. ಹೊಸ ಟ್ಯಾಂಕು ಹೂಳುವಷ್ಟು ಶಕ್ತಿ ಈ ಬಂಕಿಗಿಲ್ಲವೆಂಬುದು ಕೌಂಟರಿನಲ್ಲಿ ಕೂರುವ ಅವರ ಹೆಂಡತಿಗೂ ಗೊತ್ತಿತ್ತು. ಆಕೆ ನೋಟೀಸನ್ನು ಎರಡು ಸಲ ಓದಿ, ಮಡಚಿ, ಕನ್ನಡಕದ ಡಬ್ಬಿಯ ಕೆಳಗಿಟ್ಟರು.

"ನಮ್ಮ ಟ್ಯಾಂಕ್ ಸೋರಲ್ಲ," ಎಂದರು ಯಜಮಾನರು. "ನಾನು ನೋಡ್ಕೊಂಡಷ್ಟು ಚೆನ್ನಾಗಿ ಯಾರು ನೋಡ್ಕೊಂಡಿದ್ದಾರೆ?"

ಅದು ನಿಜ. ನೆಲದಡಿಯ ಟ್ಯಾಂಕಿನಲ್ಲಿ ಎಷ್ಟಿದೆಯೆಂದು ನೋಡಲು ಅವರ ಬಳಿ ಹಿತ್ತಾಳೆಯ ತುದಿಯ ಒಂದು ಅಳತೆ ಕೋಲಿತ್ತು. ಎಲ್ಲರೂ ಬೆಳಿಗ್ಗೆ ಒಂದು ಸಲ ಅಳೆಯುತ್ತಾರೆ. ಇವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಔಷಧಿಯಂತೆ ಮೂರು ಹೊತ್ತು. ಪುಟ್ಟ ಮುಚ್ಚಳ ತೆರೆದು, ಕೋಲನ್ನು ಕೊಳವೆಯೊಳಗೆ ನೇರ ಬಿಡುವುದು. ತಳ ಮುಟ್ಟಿ ಠಣ್ ಎಂದ ಮೇಲೆ ಎತ್ತಿ, ಒದ್ದೆಯಾದ ಗುರುತು ನೋಡಿ, ಬಟ್ಟೆಯಿಂದ ಒರೆಸಿಡುವುದು. ಒಂದು ಬೈಕೂ ಬಾರದ ದಿನವೂ ಠಣ್ ತಪ್ಪಲಿಲ್ಲ. ಯಾರನ್ನೂ ನಂಬದ ಆಸಾಮಿ ಎಂದು ಪಂಕ್ಚರ್ ಅಣ್ಣನ ತೀರ್ಪು. ಹೆಂಡತಿಯ ಮಾತು ಬೇರೆ: "ಜ್ವರ ಬಂದ ಮಗೂನ ಹಣೆ ಮುಟ್ಟಿ ಮುಟ್ಟಿ ನೋಡ್ತಾರಲ್ಲ, ಹಂಗೆ. ಅಳೆದೂ ಸುರಿದೂ ನನ್ನ ಮದ್ವೆಯಾದ್ರು. ಆಮೇಲೂ ಅಳೆಯೋದು ಬಿಡ್ಲಿಲ್ಲ."

ಪರೀಕ್ಷೆಗೆ ಬಂದವಳು ಮಗಳ ವಯಸ್ಸಿನ ಎಂಜಿನಿಯರ್. ಉಳಿದಿದ್ದ ಪೆಟ್ರೋಲನ್ನು ಹೊರಗೆ ಎಳೆಸಿ, ಟ್ಯಾಂಕಿನ ಬಾಯಿಗಳನ್ನೆಲ್ಲ ಬಿಗಿದು, ಒಳಗೆ ಗಾಳಿ ತುಂಬಿಸಿ ಗಡಿಯಾರದಂಥ ಮೀಟರನ್ನು ಎದುರಿಗಿಟ್ಟಳು. ಮುಳ್ಳು ಇಳಿಯದೆ ಇದ್ದಲ್ಲೇ ನಿಂತರೆ ಬಂಕು ಉಳಿಯಿತು. ಮೂವರೂ ಅದನ್ನೇ ನೋಡುತ್ತ ನಿಂತರು. ಪಂಕ್ಚರ್ ಅಣ್ಣ ಕೂಡ ಟ್ಯೂಬು ಬಿಟ್ಟು ಬಂದ, ಗಾಳಿ ಸೋರುವ ವಿಷಯದಲ್ಲಿ ತನ್ನದೂ ಒಂದು ಮಾತಿರಲಿ ಎಂದು.

ಮುಳ್ಳು ಮೊದಲು ನಿಂತಂತೆಯೇ ಇತ್ತು. ಆಮೇಲೆ ಕೂದಲೆಳೆಯಷ್ಟು ಕೆಳಗೆ ಬಂತು. ಮತ್ತೆ ಇನ್ನೊಂದು ಕೂದಲೆಳೆ.

"ಇಳೀತಾ ಇದೆ ಸರ್."

"ಮೀಟರ್ ಸರಿ ಇದೆಯಾ ಅಮ್ಮ?"

"ಸರಿ ಇದೆ ಸರ್."

ಅವಳು ಮುಚ್ಚಳ ತೆಗೆಸಿ, ತಂತಿಯ ತುದಿಯ ಕ್ಯಾಮೆರಾ ಇಳಿಸಿ, ಕೈಯಲ್ಲಿದ್ದ ಸಣ್ಣ ಪರದೆಯ ಮೇಲೆ ಒಳಗೋಡೆಯನ್ನೆಲ್ಲ ಸುತ್ತಿ ತೋರಿಸಿದಳು. ಎಲ್ಲೂ ತುಕ್ಕಿರಲಿಲ್ಲ. ಅಷ್ಟು ಚೊಕ್ಕಟವಾದ ಹಳೆಯ ಟ್ಯಾಂಕನ್ನು ತಾನು ನೋಡಿಯೇ ಇಲ್ಲ ಎಂದಳು. ಆಮೇಲೆ ಕ್ಯಾಮೆರಾವನ್ನು ಅಳತೆಯ ಕೊಳವೆಯ ನೇರಕ್ಕೆ ತಂದು ನಿಲ್ಲಿಸಿದಳು. ಅಲ್ಲಿ ತಳದಲ್ಲಿ ಒಂದು ಬಟ್ಟಲಿನಂಥ ತಗ್ಗು. ತಗ್ಗಿನ ನಡುವೆ ಒಂದು ಕಪ್ಪು ಚುಕ್ಕೆ.

"ಕೋಲು ಇಳಿಸ್ತೀರಲ್ಲ ಅಂಕಲ್, ಅದು ಬಡಿದೂ ಬಡಿದೂ ಸವೆದು ತೂತಾಗಿದೆ. ಕೊಳವೆ ಕೆಳಗೆ ಒಂದು ದಪ್ಪ ತಗಡು ಹಾಕಿಸಿರ್ಬೇಕಿತ್ತು." ಅವಳು ಹೇಳಲೋ ಬೇಡವೋ ಎನ್ನುವಂತೆ ಸೇರಿಸಿದಳು: "ಇಲ್ಲಾಂದ್ರೆ ಇನ್ನೂ ಇಪ್ಪತ್ತು ವರ್ಷ ಬರ್ತಿತ್ತು."

ಪಂಕ್ಚರ್ ಅಣ್ಣ ಚುಕ್ಕೆಯನ್ನು ಬಗ್ಗಿ ನೋಡಿದ. "ನಾನು ಪ್ಯಾಚ್ ಹಾಕ್ತೀನಿ ಅನ್ನೋ ಹಂಗೂ ಇಲ್ವಲ್ಲ," ಎಂದು ಮೆಲ್ಲಗೆ ಹೇಳಿ ಹೊರಟುಹೋದ.

ಎಂಜಿನಿಯರ್ ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಪಂಪಿನ ಬಾಯಿಗೆ ಸರ್ಕಾರಿ ಚೀಟಿ ಅಂಟಿಸಿ, ಒಂದು ಲೋಟ ನೀರು ಕುಡಿದು ಹೋದಳು. ಯಜಮಾನರು ಒಳಗೆ ಬಂದು ಕುರ್ಚಿಯಲ್ಲಿ ಕುಸಿದರು. ಹೊರಗೆ ಒಂದು ಬೈಕು ಬಂದು, ಚೀಟಿ ಓದಿ, ಹೊಸ ರಸ್ತೆಯ ಕಡೆ ತಿರುಗಿತು. ಹೆಂಡತಿ ಕೌಂಟರಿನ ಮೇಲಿದ್ದ ಒರೆಸುವ ಬಟ್ಟೆಯನ್ನು ಸುಮ್ಮನೆ ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಚಿದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು. "ದಿನಕ್ಕೊಂದ್ಸಲ ಸಾಕು ಅಂತ ನಿಮಗೂ ಗೊತ್ತಿತ್ತು. ವ್ಯಾಪಾರಾನೂ ಇರ್ಲಿಲ್ಲ, ಕದಿಯೋರೂ ಇರ್ಲಿಲ್ಲ. ಯಾಕ್ರೀ ಮೂರು ಸಲ ಅಳೀತಿದ್ರಿ?"

ಯಜಮಾನರು ಕಾಲು ಚಾಚಿ ಮೊಣಕಾಲು ನೀವಿಕೊಂಡರು.

"ಕೂತೂ ಕೂತೂ ಕಾಲು ಜೋಮು ಹಿಡೀತಿತ್ತು ಕಣೇ," ಎಂದರು. "ಎದ್ದು ನಾಲ್ಕು ಹೆಜ್ಜೆ ಹಾಕೋಕೆ ಏನಾದ್ರೂ ಒಂದು ನೆಪ ಬೇಕಿತ್ತು."