ಚಿಂತಾಮಣಿಯ ಶಿಳ್ಳೆ

ಚಿಂತಾಮಣಿಯ ತಂತಿ ಕಚೇರಿಯಲ್ಲಿ ಶ್ಯಾಮಲಮ್ಮನವರು ಇದ್ದಷ್ಟು ಕಾಲ ಊರಿನ ಹುಟ್ಟು, ಸಾವು, ‘ಕೂಡಲೇ ಹೊರಟು ಬಾ’ ಎಲ್ಲವೂ ಅವರ ಬೆರಳ ತುದಿಯಿಂದಲೇ ಹೋಗಬೇಕಿತ್ತು. ಕಟ್ಟ ಕಡ ಎಂದು ತಂತಿಯಂತ್ರದ ಮೋರ್ಸ್ ಕೀ ಬಡಿದು ಬಡಿದು ಅವರ ಬಲಗೈ ಬೆರಳಿಗೆ ಸುಮ್ಮನಿರುವುದೇ ಮರೆತುಹೋಗಿತ್ತು. ಊಟಕ್ಕೆ ಕೂತಾಗಲೂ ಅದು ತಟ್ಟೆಯ ಅಂಚಿನ ಮೇಲೆ ಏನೋ ಒಂದು ಸುದ್ದಿ ಕಳಿಸುತ್ತಿತ್ತು. ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದ ಅವರ ಯಜಮಾನರು ನಲ್ಲಪ್ಪ, “ಯಾರಿಗೆ ಕಣೇ ಈ ತಂತಿ? ಸಾರಿಗೆ ಉಪ್ಪು ಕಮ್ಮಿ ಅಂತ ನಿಮ್ಮಮ್ಮನಿಗಾ?” ಎಂದು ಕೇಳುತ್ತಿದ್ದರು.

ಆ ಬೆರಳಿನ ದೆಸೆಯಿಂದಲೇ ಇರಬೇಕು, ಎಂಬತ್ತೈದನೇ ಇಸವಿಯಲ್ಲಿ ಸರ್ಕಾರದ ಪರೀಕ್ಷೆ ಪಾಸು ಮಾಡಿ ಶ್ಯಾಮಲಮ್ಮ ಹ್ಯಾಮ್ ರೇಡಿಯೋ ಲೈಸೆನ್ಸು ತೆಗೆದುಕೊಂಡರು. ಹ್ಯಾಮ್‌ಗಳೆಂದರೆ ರೇಡಿಯೋ ಕೇಳಿ ಸುಮ್ಮನಾಗುವ ಜನವಲ್ಲ, ರೇಡಿಯೋದಲ್ಲಿ ಮಾತಾಡುವ ಜನ. ಮನೆಯಲ್ಲೇ ಟ್ರಾನ್ಸ್‌ಮಿಟರ್ ಕಟ್ಟಿಕೊಂಡು, ಮಾಳಿಗೆಯ ಮೇಲೆ ಏರಿಯಲ್ ತಂತಿ ಎಳೆದುಕೊಂಡು, ನಯಾಪೈಸೆ ಹುಟ್ಟದ ಈ ಹುಚ್ಚಿಗೆ ಹೆಂಡಿರ ಕೈಲೋ ಗಂಡಂದಿರ ಕೈಲೋ ಬೈಸಿಕೊಳ್ಳುವವರು. ಶ್ಯಾಮಲಮ್ಮನ ಏರಿಯಲ್ ಮೇಲೆ ನಲ್ಲಪ್ಪನವರು ಒಂದೇ ಒಂದು ಸಲ ಪಂಚೆ ಒಣಹಾಕಿದ್ದರು. ಆ ದಿನ ಮನೆಯಲ್ಲಿ ಅಡುಗೆಯಾಗಲಿಲ್ಲ.

ಸುತ್ತಮುತ್ತ ಇದ್ದ ಇಂಥ ಹುಚ್ಚರನ್ನೆಲ್ಲ ಸೇರಿಸಿ ಅವರು ಒಂದು ಕೂಟ ಕಟ್ಟಿದರು. ದಿನಾ ಬೆಳಗ್ಗೆ ಕಾಫಿ ಹೊತ್ತಿಗೆ ಎಲ್ಲರೂ ಗಾಳಿಯಲ್ಲಿ ಒಂದೇ ಕಡೆ ಸೇರುವುದು, ಶ್ಯಾಮಲಮ್ಮ ಹೆಸರು ಕೂಗಿದಂತೆ ಒಬ್ಬೊಬ್ಬರಾಗಿ ಮಾತಾಡುವುದು. ಇದಕ್ಕೆ ‘ನೆಟ್’ ಎಂದು ಹೆಸರು. ಗೌರಿಬಿದನೂರಿನಿಂದ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವ ಕೋನಪ್ಪನವರು, ಶಿಡ್ಲಘಟ್ಟದಿಂದ ರೇಷ್ಮೆಗೂಡು ಮಾರುಕಟ್ಟೆಯ ಗುಮಾಸ್ತರು ಆವಲಪ್ಪನವರು, ಅಲೀಪುರದಿಂದ ಹರಳು ವ್ಯಾಪಾರದ ಮೆಹದಿ ಸಾಹೇಬರು, ಚಿಕ್ಕಬಳ್ಳಾಪುರದಿಂದ ದನದಾಸ್ಪತ್ರೆಯ ಕಾಂಪೌಂಡರಾಗಿ ನಿವೃತ್ತರಾದ ಚೆನ್ನರಾಯಪ್ಪನವರು. ಬಂದು ಹೋಗುವವರು ಇನ್ನೂ ಕೆಲವರು ಇದ್ದರು, ಆದರೆ ನೆಟ್ಟಿಗೆ ಕಂಬಗಳು ಇವರೇ.

ಶ್ಯಾಮಲಮ್ಮನಿಗೆ ಈ ನೆಟ್ ಎಂದರೆ ಪ್ರಾಣ. ಕಚೇರಿಯಲ್ಲಿ ದಿನವೆಲ್ಲ ಅವರು ಕಳಿಸುತ್ತಿದ್ದದ್ದು ಬೇರೆಯವರ ಮಾತು. ಮನೆಗೆ ಬಂದರೆ ನಲ್ಲಪ್ಪನವರ ಹೆಂಡತಿ, ಬೀದಿಗಿಳಿದರೆ ಬೀಜದಂಗಡಿಯಮ್ಮ. ಬೆಳಗಿನ ಆ ಅರ್ಧ ಗಂಟೆ ಮಾತ್ರ ಅವರು ಶ್ಯಾಮಲಮ್ಮನೇ ಆಗಿರುತ್ತಿದ್ದರು, ಮತ್ತು ನಾಲ್ಕೂರಿನ ಗಂಡಸರು ಅವರು ಹೇಳಿದ ಮೇಲೇ ಬಾಯಿ ತೆರೆಯುತ್ತಿದ್ದರು. ಅಂಥ ಸುಖವನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ?

ಆ ಸುಖಕ್ಕೆ ಕಲ್ಲು ಬಿದ್ದದ್ದು ಎಂಬತ್ತೆಂಟರಲ್ಲಿ. ಆವಲಪ್ಪನವರು ಒಂದು ಬೆಳಗ್ಗೆ, ತಾನು ಫಿಜಿ ದ್ವೀಪದ ಒಬ್ಬ ಮೇಷ್ಟರ ಜೊತೆ ಮೋರ್ಸ್‌ನಲ್ಲಿ ಮಾತಾಡಿದೆ ಎಂದು ಹೇಳಿಕೊಂಡರು. ಕೋನಪ್ಪನವರು, “ಫಿಜಿ ಅಂತೆ ಫಿಜಿ. ಆ ಡಬ್ಬ ಇಟ್ಕೊಂಡು ಹಿಂದೂಪುರ ದಾಟಿದ್ರೆ ಹೆಚ್ಚು. ಸುಳ್ಳು ಹೇಳೋಕೂ ಒಂದು ಮಿತಿ ಇರ್ಬೇಕು,” ಎಂದುಬಿಟ್ಟರು. ಹ್ಯಾಮ್‌ಗಳ ಲೋಕದಲ್ಲಿ ಒಬ್ಬನನ್ನು ಕುರೂಪಿ ಎನ್ನಬಹುದು, ಜಿಪುಣ ಎನ್ನಬಹುದು. ಮಾತಾಡದ ಊರಿನ ಜೊತೆ ಮಾತಾಡಿದೆ ಎಂದು ಸುಳ್ಳು ಹೇಳಿದ ಎನ್ನಬಾರದು. ಮಾರನೆಯ ದಿನ ಆವಲಪ್ಪ ಬೈದರು, ಅದರ ಮಾರನೆಯ ದಿನ ಕೋನಪ್ಪ ಬೈದರು. ಬೈಗುಳವೆಂದರೆ ಸರ್ಕಾರದ ನಿಯಮಕ್ಕೂ ವಿರೋಧ. ಮೆಹದಿ ಸಾಹೇಬರಂಥ ನಯಸ್ಥರು ಬರುವುದನ್ನೇ ಕಡಿಮೆ ಮಾಡಿದರು.

ಶ್ಯಾಮಲಮ್ಮ ಬುದ್ಧಿ ಹೇಳಿ ನೋಡಿದರು. ನೀರಲ್ಲಿ ಹೋಮ ಮಾಡಿದಂತಾಯಿತು. ಆಮೇಲೆ ಅವರ ಬೆರಳಿಗೆ ಒಂದು ಉಪಾಯ ಹೊಳೆಯಿತು.

ಅದು ಹೀಗೆ. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಟ್ರಾನ್ಸ್‌ಮಿಟರಿನ ಗುಂಡಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಿರುಗಿಸಿ ಮೋರ್ಸ್ ಕೀ ಒತ್ತಿ ಹಿಡಿದರೆ, ಕೇಳುವವರ ಕಿವಿಗೆ ಮಾತಿನ ಬದಲು ಕುಯ್ಯ್ ಎಂದು ಶಿಳ್ಳೆ ಕೇಳುತ್ತದೆ. ಮಾತಾಡುವವನಿಗೆ ಮಾತ್ರ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಹ್ಯಾಮ್ ರೇಡಿಯೋದಲ್ಲಿ ಬಾಯಿ ತೆರೆದಿರುವಷ್ಟು ಹೊತ್ತು ಕಿವಿ ಮುಚ್ಚಿರುತ್ತದೆ. ಅವನ ಪಾಡಿಗೆ ಅವನು ಬೈದು, ಎದೆ ಹಗುರ ಮಾಡಿಕೊಂಡು, ಮುಗಿಯಿತು ಎಂಬರ್ಥದಲ್ಲಿ ‘ಓವರ್’ ಎನ್ನುತ್ತಾನೆ.

ಮಾತು ಕೇಳದಿದ್ದಾಗ, ಸರಿಯಾಗಿ ಕೇಳಿಸಿದ ಮೂರನೆಯವರು ಅದನ್ನು ತಿರುಗಿ ಹೇಳುವುದು ನೆಟ್ಟಿನ ಪದ್ಧತಿ. ಅದಕ್ಕೆ ರಿಲೇ ಎನ್ನುತ್ತಾರೆ. ಮೊದಲ ಶಿಳ್ಳೆಯ ದಿನ, ಕೋನಪ್ಪನವರು ಬೈದು ಮುಗಿಸಿದ ಮೇಲೆ ಆವಲಪ್ಪನವರು, “ಏನೋ ಕುಯ್ ಅಂತಿತ್ತು, ಒಂದಕ್ಷರ ತಿಳೀಲಿಲ್ಲ,” ಎಂದಾಗ ಶ್ಯಾಮಲಮ್ಮ ಹಾಲಿನಂಥ ದನಿಯಲ್ಲಿ ರಿಲೇ ಮಾಡಿದರು: “ಆವಲಪ್ಪನೋರೇ, ನಿಮ್ಮ ಸಿಗ್ನಲ್ಲು ಇವತ್ತು ಗಂಟೆ ಬಾರಿಸ್ದಂಗಿದೆ, ಕೇಳೋಕೆ ಖುಷಿ ಆಗ್ತದೆ ಅಂತ ಕೋನಪ್ಪನೋರು ಹೇಳ್ತಿದ್ದಾರೆ.”

ಗೌರಿಬಿದನೂರಿನಲ್ಲಿ ಕೋನಪ್ಪನವರು ತಾವು ಹಾಗೆ ಅಂದದ್ದನ್ನು ಕೇಳಿ ಬೆಚ್ಚಿದರು. ಮೈಕು ಹಿಡಿದು, “ನಾನು ಹಾಗಂದೇ ಇಲ್ಲ,” ಎಂದು ಶುರುಮಾಡಿದರು. ಮತ್ತೆ ಶಿಳ್ಳೆ.

“ಅಷ್ಟು ಅಂದಿದ್ದು ಸಾಲದು, ಇನ್ನೂ ಹೊಗಳ್ಬೇಕಿತ್ತು ಅಂತಿದ್ದಾರೆ,” ಎಂದರು ಶ್ಯಾಮಲಮ್ಮ.

ಅಲ್ಲಿಂದ ಮುಂದೆ ಮೂರು ವರ್ಷ ಇದೇ ನಡೆಯಿತು. ಗೌರಿಬಿದನೂರು ಬೈಯುವುದು, ಚಿಂತಾಮಣಿ ಶಿಳ್ಳೆ ಹಾಕುವುದು, ಶಿಡ್ಲಘಟ್ಟಕ್ಕೆ ಹೊಗಳಿಕೆ ತಲುಪುವುದು. ಆಮೇಲೆ ಅದೇ ದಾರಿಯಲ್ಲಿ ವಾಪಸು. ಇಬ್ಬರಿಗೂ ತಮ್ಮ ಬೈಗುಳ ಹೂವಾಗುತ್ತಿರುವುದು ಗೊತ್ತಿತ್ತು, ಎದುರಿನವನದು ಮಾತ್ರ ನಿಜವಾದ ಹೂವೇ ಇರಬಹುದೋ ಎಂದು ಒಳಗೊಳಗೇ ಅನುಮಾನ ಎಂಬುದು ಶ್ಯಾಮಲಮ್ಮನ ಲೆಕ್ಕ. ಅಲ್ಲದೆ, ‘ಇಲ್ಲ, ನಾನು ಬೈದೆ’ ಎಂದು ಎಲ್ಲರೆದುರಿಗೆ ಒಪ್ಪಿಕೊಳ್ಳುವುದಾದರೂ ಹೇಗೆ? ಆ ಶಿಳ್ಳೆಯ ಮಧ್ಯೆ ಶ್ಯಾಮಲಮ್ಮನಿಗೊಬ್ಬರಿಗೇ ಮಾತು ಹೇಗೆ ಕೇಳುತ್ತದೆಂದು ಯಾರೂ ಕೇಳಲಿಲ್ಲ; ತಂತಿ ಕಚೇರಿಯ ಕಿವಿ ಎಂದುಕೊಂಡರು. ಮೆಹದಿ ಸಾಹೇಬರು ದಿನಾ ಬರತೊಡಗಿದರು. ನೆಟ್ ತುಂಬಿ ತುಳುಕಿತು. ಚೆನ್ನರಾಯಪ್ಪನವರು ಹಸುವಿನ ಕೆಚ್ಚಲು ಬಾವಿನ ವಿಷಯ ಎತ್ತಿಕೊಂಡು ಹೊತ್ತು ಮೀರಿಸಿದಾಗ ಅವರಿಗೂ ಒಂದೊಂದು ಶಿಳ್ಳೆ ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ಶ್ಯಾಮಲಮ್ಮನಿಗೆ ಅದರ ರುಚಿ ಹತ್ತಿತ್ತು.

ಒಂದು ತೊಡಕಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಕೀ ಒತ್ತಿದಾಗ ಅವರ ಕಿವಿಯೂ ಮುಚ್ಚುತ್ತಿತ್ತು. ಯಾರು ಏನು ಬೈದರೆಂದು ಅವರಿಗೂ ತಿಳಿಯುತ್ತಿರಲಿಲ್ಲ. ನಡುವೆ ಬೆರಳೆತ್ತಿ, ಮುಗಿಯಿತೇ ಎಂದು ನೋಡಿ, ಮತ್ತೆ ಒತ್ತುವುದಷ್ಟೇ. ಹಾಗಾಗಿ ಬೈಗುಳ ಬರುವ ಮೊದಲೇ ಅದರ ವಾಸನೆ ಹಿಡಿಯಬೇಕಿತ್ತು. ಕೋನಪ್ಪನವರದ್ದು ಸುಲಭ. ಸರಿಯಿದ್ದಾಗ ‘ಲೇ ಆವಲಪ್ಪ’ ಎನ್ನುವವರು, ಬೈಯುವ ಮುಂಚೆ ಒಮ್ಮೆ ಕೆಮ್ಮಿ ‘ಆವಲಪ್ಪನವರೇ’ ಎಂದು ಬಹುವಚನಕ್ಕೆ ಏರುತ್ತಿದ್ದರು.

ತೊಂಬತ್ತೊಂದರ ಶ್ರಾವಣದಲ್ಲಿ ಒಂದು ಬೆಳಗ್ಗೆ ಕೋನಪ್ಪನವರು ಕೆಮ್ಮಿದರು. “ಆವಲಪ್ಪನವರೇ,” ಎಂದರು. ಶ್ಯಾಮಲಮ್ಮನ ಬೆರಳು ಕೀ ಮೇಲೆ ಬಿತ್ತು. ನಡುವೆ ಒಮ್ಮೆ ಎತ್ತಿದಾಗ ‘ಫಿಜಿ’ ಎಂದು ಕೇಳಿಸಿತು. ಅದೇ ಹಳೇ ರಾಮಾಯಣ ಎಂದುಕೊಂಡು ಇನ್ನೂ ಬಲವಾಗಿ ಒತ್ತಿದರು.

ಮುಗಿದ ಮೇಲೆ ಹೊಗಳಿಕೆಗಳೆಲ್ಲ ಖಾಲಿಯಾಗಿದ್ದರಿಂದ, “ನಿಮ್ಮ ಕಡೆ ಮಳೆ ಹೆಂಗೆ ಅಂತ ಕೋನಪ್ಪನೋರು ಕೇಳ್ತಿದ್ದಾರೆ,” ಎಂದು ತೇಲಿಸಿದರು.

ಆವಲಪ್ಪನವರು ಸ್ವಲ್ಪ ತಡೆದು, “ಮಳೆ ಇಲ್ಲ ಅಂತ ಹೇಳಿ,” ಎಂದರು.

ಮಾರನೆಯ ದಿನ ಗೌರಿಬಿದನೂರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಒಂದು ವಾರ ಶ್ಯಾಮಲಮ್ಮ ಹಾಯಾಗಿದ್ದರು. ಆಮೇಲೆ ನೋಡಿದರೆ ನೆಟ್ ಬಾಡತೊಡಗಿತ್ತು. ಆವಲಪ್ಪನವರು ಹೆಸರು ಕೂಗಿದರೆ ‘ಹಾಜರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಬಿಡುವಾದ ಜಾಗವನ್ನೆಲ್ಲ ಕೆಚ್ಚಲು ಬಾವು ತುಂಬಿಕೊಂಡಿತು. ಬಂದು ಹೋಗುವವರು ಬರುವುದನ್ನು ಬಿಟ್ಟರು, ಮೆಹದಿ ಸಾಹೇಬರಿಗೂ ಬೆಳಗ್ಗೆ ಹೊತ್ತು ಏನೇನೋ ಕೆಲಸ ಬಂತು. ಕೋನಪ್ಪನವರು ಆ ದಿನ ಹೇಳಿದ್ದು ಬೈಗುಳವಲ್ಲ ಎಂಬುದು ಶ್ಯಾಮಲಮ್ಮನ ಮನಸ್ಸಿಗೆ ಆಗ ನಾಟಿತು. ಬೈಯುವವರು ನೆಟ್ ಬಿಟ್ಟು ಹೋಗುವುದಿಲ್ಲ. ಅವರಿಗೆ ದಿನಾ ಬರಲೇಬೇಕು.

ಭಾನುವಾರ ಬಸ್ಸು ಹತ್ತಿ, ಚಿಕ್ಕಬಳ್ಳಾಪುರದಲ್ಲಿ ಇಳಿದು ಇನ್ನೊಂದು ಹಿಡಿದು, ಗೌರಿಬಿದನೂರಿಗೆ ಹೋದರು. ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಕೋನಪ್ಪನವರು ಒಂದು ಮೋಟಾರಿನ ಹೊಟ್ಟೆಯಿಂದ ಸುಟ್ಟ ತಾಮ್ರದ ತಂತಿ ಕೀಳುತ್ತಿದ್ದರು. ಸ್ಟೂಲು ಒರೆಸಿ ಹಾಕಿದರು, ಟೀ ತರಿಸಿದರು, ಮತ್ತೆ ತಂತಿ ಕೀಳತೊಡಗಿದರು.

“ಕೋನಪ್ಪನೋರೇ, ಅವತ್ತು ನೀವೇನಂದ್ರಿ?” ಎಂದು ಶ್ಯಾಮಲಮ್ಮನೇ ಕೇಳಿದರು.

“ಮಳೆ ಹೆಂಗೆ ಅಂತ ಕೇಳ್ದೆ. ನೀವೇ ಹೇಳಿದ್ರಲ್ಲಮ್ಮ.”

“ಶಿಳ್ಳೆ ಹಾಕಿದ್ದು ನಾನೇ.”

“ಗೊತ್ತು,” ಎಂದರು ಕೋನಪ್ಪ. ತಂತಿಯನ್ನು ಪಕ್ಕಕ್ಕೆ ಇಟ್ಟರು. “ಆ ಫಿಜಿ ಮೇಷ್ಟ್ರು ನನಗೂ ಸಿಕ್ಕಿದ್ರಮ್ಮ. ಶಿಡ್ಲಘಟ್ಟದ ನಿಮ್ಮ ಗೆಳೆಯರು ಹೆಂಗಿದ್ದಾರೆ ಅಂತ ಅವರಾಗೇ ಕೇಳಿದ್ರು. ನನ್ನ ಮುಖಕ್ಕೆ ಹೊಡ್ದಂಗಾಯ್ತು. ಎರಡು ದಿನ ಅನ್ನ ಸೇರ್ಲಿಲ್ಲ. ಆಮೇಲೆ ಬಂದು, ನಾಲ್ಕು ಜನ ಕೇಳೋ ಹಂಗೆ, ತಪ್ಪಾಯ್ತು ಅಂದೆ. ಮೂರು ವರ್ಷ ಬೈದಿದ್ದನ್ನ ಹೂವ ಮಾಡಿ ಕೊಟ್ರಿ, ಸುಮ್ಕಿದ್ದೆ. ಒಂದು ದಿನ ಹೂವ ತಂದ್ರೆ, ಮಳೆ ಅಂದ್ಬಿಟ್ರಲ್ಲಮ್ಮ.”

ಶ್ಯಾಮಲಮ್ಮ ಟೀ ಲೋಟ ಕೆಳಗಿಟ್ಟು ತಮ್ಮ ಬೆರಳು ನೋಡಿಕೊಂಡರು. ಊರಿನ ಸಾವು ನೋವನ್ನೆಲ್ಲ ಒಂದಕ್ಷರ ತಪ್ಪದೆ ದಾಟಿಸಿದ ಬೆರಳು ಅದು. ಒಬ್ಬ ಮನುಷ್ಯನ ಕ್ಷಮೆಯನ್ನು ಹಿಸುಕಿ ಕೊಂದುಹಾಕಿತ್ತು. ಅವರಿಗೆ ನಾಚಿಕೆಯಾಯಿತು, ಅಳು ಬಂತು.

“ಇನ್ನೊಂದ್ಸಲ ಬಂದು ಹೇಳಿ. ಬೆರಳು ಮಡಿಚ್ಕೊಂಡು ಕೂತಿರ್ತೀನಿ.”

“ಒಂದ್ಸಲ ಹೇಳೋಕೇ ಮೂರು ವರ್ಷ ಹಿಡೀತು. ಎರಡನೇ ಸಲ ಆಗಲ್ಲಮ್ಮ,” ಎಂದು ಕೋನಪ್ಪ ಮೋಟಾರಿನ ಕಡೆ ತಿರುಗಿದರು.

ಮಾರನೆಯ ಬೆಳಗ್ಗೆ ಶ್ಯಾಮಲಮ್ಮ ಮೈಕು ಹಿಡಿದರು. ಬೇಕೆಂದೇ ಇನ್ನೊಬ್ಬರ ಮಾತಿಗೆ ಅಡ್ಡಿ ಮಾಡಿದರೆಂದು ಒಬ್ಬರು ಸರ್ಕಾರಕ್ಕೆ ಒಂದು ಕಾರ್ಡು ಗೀಚಿದರೂ ಸಾಕು, ಲೈಸೆನ್ಸು ಹೋಗುತ್ತದೆ. ಆ ಅರ್ಧ ಗಂಟೆಯೂ ಹೋಗುತ್ತದೆ. ಆದರೂ ಹೇಳಿದರು. ಮೂರು ವರ್ಷದ ಶಿಳ್ಳೆ ತನ್ನದು, ಹೊಗಳಿಕೆ ತನ್ನದು, ಕೆಚ್ಚಲು ಬಾವಿಗೆ ಅಡ್ಡ ಬಂದದ್ದೂ ತಾನೇ. ಆ ದಿನ ಕೋನಪ್ಪನವರು ಕೇಳಿದ್ದು ಮಳೆಯಲ್ಲ. ಅವರು ಹೇಳಿದ್ದು, ಫಿಜಿ ನಿಜ, ತಪ್ಪಾಯಿತು ಎಂದು. ಅಷ್ಟು ಹೇಳಿ ‘ಓವರ್’ ಎಂದರು.

ಆಮೇಲೆ ಶಿಡ್ಲಘಟ್ಟದಿಂದ ಕೆಮ್ಮು ಕೇಳಿಸಿತು.

“ಶ್ಯಾಮಲಮ್ಮನವರೇ,” ಎಂದರು ಆವಲಪ್ಪ. ಬೆರಳು ತಾನಾಗಿಯೇ ಕೀ ಕಡೆ ಹೊರಟಿತು. ಶ್ಯಾಮಲಮ್ಮ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತರು.

“ನನ್ನದೂ ಒಂದು ಐತೆ. ನೀವು ಶಿಳ್ಳೆ ಶುರು ಮಾಡಿದ ಎರಡನೇ ತಿಂಗಳಿಗೇ, ಶಿಳ್ಳೆ ಸೋಸಿ ಮಾತು ಮಾತ್ರ ಬಿಡೋ ಒಂದು ಸರ್ಕ್ಯೂಟು ಕಟ್ಕೊಂಡಿದ್ದೆ. ಕೋನಪ್ಪ ಬೈದಿದ್ದೆಲ್ಲ ಕೇಳಿಸ್ತಿತ್ತು. ಆಮೇಲೆ ನಿಮ್ಮ ರಿಲೇ ಕೇಳಿ ನಕ್ಕು ನಕ್ಕು ಹೊಟ್ಟೆ ಹಿಡ್ಕೊತಿದ್ದೆ. ಅದಕ್ಕೇ ಹೇಳ್ಲಿಲ್ಲ. ಅವತ್ತು ತಪ್ಪಾಯ್ತು ಅಂದಿದ್ದೂ ಪೂರ್ತಿ ಕೇಳಿಸ್ತು. ನೀವು ಮಳೆ ಅಂದ್ರಿ. ಮಳೆ ಅಲ್ಲ, ತಪ್ಪಾಯ್ತು ಅಂದಿದ್ದು ಅಂತ ಕೋನಪ್ಪ ಇನ್ನೊಂದ್ಸಲ ಹೇಳ್ಲಿ, ಚೆನ್ನಾಗಿತ್ತು ಕೇಳೋಕೆ, ಅಂತ ಆಸೆ ಬಿದ್ದು ಕೂತೆ. ಅವನು ಹೊರಟೇಹೋದ. ತಪ್ಪು ನಂದು ಕಣಯ್ಯ ಕೋನಪ್ಪ, ಕೇಳಿಸ್ಕೊತಿದ್ರೆ ಬಾ. ಓವರ್.”

ಆಮೇಲೆ ಗೌರಿಬಿದನೂರು, ಕೆಮ್ಮೂ ಇಲ್ಲದೆ, ಬಹುವಚನವೂ ಇಲ್ಲದೆ, ಬಂದು ಬಿತ್ತು.

“ಲೇ ಆವಲಪ್ಪ, ಕಳ್ ನನ್ಮಗ್ನೆ, ಎಲ್ಲಾ ಕೇಳಿಸ್ಕೊಂಡು ಮುಸುಡಿ ಮುಚ್ಕೊಂಡು ಕೂತಿದ್ದೆಯೇನೋ? ನಾನಿಲ್ಲಿ ಅನ್ನ ಸೇರದೆ ಒಣಗ್ತಿದ್ರೆ ನೀನು ರೇಷ್ಮೆಹುಳ ಇದ್ದಂಗೆ ಗೂಡಲ್ಲಿ ಬೆಚ್ಚಗೆ ಮಲಗಿದ್ದೆಯಾ? ನಿನ್ ಮೀಸೆ ಸುಡಾ. ಭಾನುವಾರ ಬರ್ತೀನಿ, ಮುದ್ದೆ ಸಾರು ಮಾಡ್ಸಿಟ್ಟಿರು. ಉಂಡು ಕೈ ತೊಳ್ಕೊಂಡು ಎದುರಿಗೇ ಬೈತೀನಿ. ಓವರ್.”

ಶಿಳ್ಳೆಯಿಲ್ಲದೆ ಕೋನಪ್ಪನವರ ಬೈಗುಳವನ್ನು ಪೂರ್ತಿ ಕೇಳಿ ಶ್ಯಾಮಲಮ್ಮನಿಗೆ ಎಷ್ಟೋ ಕಾಲವಾಗಿತ್ತು. ಕಣ್ಣೊರೆಸಿಕೊಂಡು ಯಾರನ್ನು ಕರೆಯಲಿ ಎಂದು ನೋಡುತ್ತಿರುವಾಗಲೇ ಅಲೀಪುರದಿಂದ ಮೆಹದಿ ಸಾಹೇಬರ ಮೆಲುದನಿ ಬಂತು.

“ಮಾಫ್ ಮಾಡಿ ಬಹನ್‌ಜೀ, ನಮ್ಮ ಕಡೆ ಸರಿಯಾಗಿ ಕೇಳಿಸ್ಲಿಲ್ಲ. ಕೋನಪ್ಪನೋರು ಏನಂದ್ರು, ಸ್ವಲ್ಪ ರಿಲೇ ಮಾಡ್ತೀರಾ?”

ಆಕಾಶ ಶುಭ್ರವಾಗಿತ್ತು, ಗಾಳಿಯಲ್ಲಿ ಒಂದು ಚಿಟಿಕೆ ಗದ್ದಲವೂ ಇರಲಿಲ್ಲ. ಶ್ಯಾಮಲಮ್ಮ ಗಂಟಲು ಸರಿಮಾಡಿಕೊಂಡರು. ತಂತಿ ಓದಿ ಹೇಳುವ ಗಂಭೀರ ದನಿಯಲ್ಲಿ, ‘ಕಳ್ ನನ್ಮಗ್ನೆ’ಯಿಂದ ಹಿಡಿದು ಮುದ್ದೆ ಸಾರಿನವರೆಗೆ, ಮೀಸೆಯನ್ನೂ ಬಿಡದೆ, ಒಂದಕ್ಷರ ಆಚೀಚೆ ಆಗದಂತೆ ರಿಲೇ ಮಾಡಿದರು.

ಕಾಫಿ ಲೋಟ ಹಿಡಿದು ಬಂದ ನಲ್ಲಪ್ಪನವರು ಬಾಗಿಲಲ್ಲೇ ನಿಂತುಬಿಟ್ಟರು. “ಬೆಳ್‌ಬೆಳಗ್ಗೆ ಯಾರಿಗೆ ಕಣೇ ಹಿಂಗೆ ಬೈತಿದ್ದೀಯ?”

“ಸುಮ್ನಿರ್ರೀ,” ಎಂದರು ಶ್ಯಾಮಲಮ್ಮ, “ಮೊದಲ್ನೇ ಸಲ ಸರಿಯಾಗಿ ರಿಲೇ ಮಾಡ್ತಿದ್ದೀನಿ.”