ಭಂಡಾರ ಮುಟ್ಟಿದ ಕೈ

ಮುದಿಯಪ್ಪನ ಕೊರಳಲ್ಲಿ ಸದಾ ಒಂದು ಬಟ್ಟೆಯ ಚೀಲ ನೇತಾಡುತ್ತಿತ್ತು. ಅಂಗೈಯಗಲದ ಚೀಲ, ಅದರೊಳಗೆ ಊರದೇವಿ ಗುಡ್ಡದವ್ವನ ಭಂಡಾರ, ಎಂದರೆ ಅರಿಶಿನದ ಪುಡಿ. ಯಲಬುರ್ಗಾ ತಾಲೂಕಿನ ಮಂಗಳೂರಿಗೆ ಎರಡು ಹರಿದಾರಿ ದೂರದ ಆ ಹಳ್ಳಿಯಲ್ಲಿ ಬದುವಿನ ಜಗಳವಿರಲಿ, ಕುರಿ ಕಳೆದ ತಂಟೆಯಿರಲಿ, ಮಂದಿ ಅವನ ಮುಂದೆ ಬಂದು ಕೂಡುತ್ತಿದ್ದರು. ಅವನು ಚೀಲದ ಬಾಯಿ ಬಿಚ್ಚಿ ಹಿಡಿಯುತ್ತಿದ್ದ. ಭಂಡಾರ ಮುಟ್ಟಿ ಹೇಳಿದ ಮಾತೇ ಕೊನೆಯ ಮಾತು. ಅದರ ಮೇಲೆ ಕಾಗದ ಕೇಳುವುದೆಂದರೆ ಅವ್ವನನ್ನೇ ನಂಬದಂತೆ ಎಂದು ಊರಿನ ಎಣಿಕೆ.

ಊರ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಅವ್ವನ ಹೆಸರಿಗೆ ಬಿಟ್ಟ ನಲವತ್ತು ಕಮರದ ಗಿಡಗಳಿದ್ದವು. ಮುದಿಯಪ್ಪನ ಮನೆತನವೇ ಅವುಗಳ ಕಾವಲು. ಅಲ್ಲಿಗೆ ಕೊಡಲಿ ಹೋಗುವಂತಿಲ್ಲ; ತಾನಾಗಿ ಬಿದ್ದ ಒಣ ಟೊಂಗೆಯನ್ನೂ ಮನೆಗೆ ಒಯ್ಯುವಂತಿಲ್ಲ. ಒಮ್ಮೆ ಶ್ರಾವಣದಲ್ಲಿ ಎಂಟು ದಿನ ಜಿಟಿಜಿಟಿ ಮಳೆ ಹಿಡಿದಿತ್ತು. ಬಸ್ಸು ನಿಲ್ಲುವಲ್ಲಿ ಚಹಾದಂಗಡಿ ಇಟ್ಟಿದ್ದ ಬಾನುಬೀಯ ಮಗಳು ಬಾಣಂತಿಯಾಗಿದ್ದಳು. ನೀರು ಕಾಯಿಸಲು ಒಣ ಕಟ್ಟಿಗೆ ಇರಲಿಲ್ಲ.

"ಮುದಿಯಪ್ಪಣ್ಣಾ, ಒಂದು ಟೊಂಗಿ ಕೊಡೋ. ಕೂಸಿನ ಸಲುವಾಗಿ ಕೇಳಾಕತ್ತೀನಿ" ಎಂದು ಬಾನುಬೀ ತಲೆಯ ಮೇಲೆ ಗೋಣಿಚೀಲ ಹೊದ್ದು ಬಂದು ಕೇಳಿದಳು.

"ನನ್ನದಾಗಿದ್ರ ಇಡೀ ಗಿಡಾನ ಕೊಡ್ತಿದ್ದೆ ತಂಗಿ. ಅವ್ವನ್ದು. ಹೆಂಗ ಕೊಡ್ಲಿ?"

ಬಾನುಬೀ ಬೈಯುತ್ತ ಹೋಗಿ ತನ್ನ ಹೊರಸಿನ ಕಾಲು ಮುರಿದು ಒಲೆಗೆ ಇಟ್ಟಳು. ಆ ರಾತ್ರಿ ಮುದಿಯಪ್ಪನಿಗೆ ರೊಟ್ಟಿ ಇಳಿಯಲಿಲ್ಲ.

ಸಾವಿರದ ಒಂಬೈನೂರ ಎಂಬತ್ಮೂರರಲ್ಲಿ ಗುಡ್ಡದ ಕೆಳಗೆ ಡೇರೆಗಳು ಎದ್ದವು. ಒಂದು ಜೀಪು, ಕಲ್ಲು ಕೊರೆಯುವ ಯಂತ್ರ, ಹತ್ತೆಂಟು ಆಳುಗಳು. ಅವರಿಗೆ ಹಿರಿಯರಾಗಿ ಬಂದವರನ್ನು ಊರು ಕಲ್ಲಿನ ಸಾಹೇಬರೆಂದು ಕರೆಯಿತು. ಮೈಸೂರಿನ ಕಡೆಯವರು, ಮಾತು ಮೆತ್ತಗೆ. ಯಂತ್ರವು ಗುಡ್ಡದ ನೆತ್ತಿಗೆ ಏರಬೇಕಿತ್ತು. ಏರುವ ದಾರಿ ಅವ್ವನ ಗಿಡಗಳ ನಡುವೆಯೇ ಹಾಯುತ್ತಿತ್ತು. ಸಾಹೇಬರು ಬಾನುಬೀಯ ಅಂಗಡಿಯ ಮುಂದೆ ಊರವರನ್ನು ಕೂಡಿಸಿ ಮಾತಾಡಿದರು.

"ಈ ಕಲ್ಲಿನಲ್ಲಿ ಯುರೇನಿಯಂ ಅನ್ನೋ ಲೋಹ ಇರಬಹುದು. ಅದರಿಂದ ಹೊಗೆಯಿಲ್ಲದೆ ಕರೆಂಟ್ ಮಾಡ್ತಾರೆ. ಈಗ ಕಲ್ಲಿದ್ದಲು ಸುಡ್ತೀವಲ್ಲ, ಆ ಹೊಗೆ ಎಲ್ಲಿಗೆ ಹೋಗುತ್ತೆ ಹೇಳಿ?"

"ಮುಗಿಲಿಗ್ರಿ" ಎಂದ ಕಾಳಪ್ಪ. ಅವನು ಊರಿನ ಕಿರಾಣಿ ಅಂಗಡಿಯವನು, ನಾಲ್ಕಕ್ಷರ ಬಲ್ಲವನು.

"ಹೋಗಿ ಅಲ್ಲೇ ಕೂರುತ್ತೆ. ಭೂಮಿಗೆ ಕೌದಿ ಹೊದಿಸಿದ ಹಾಗೆ. ವರ್ಷ ಕಳೆದ ಹಾಗೆ ಕೌದಿ ದಪ್ಪ ಆಗುತ್ತೆ, ಶಾಖ ಏರುತ್ತೆ. ಮಳೆಯ ಲೆಕ್ಕನೂ ತಪ್ಪುತ್ತೆ ಅಂತ ತಿಳಿದವರು ಹೇಳ್ತಿದ್ದಾರೆ. ಅದಕ್ಕೇ ದೇಶ ಈ ಕೆಲಸಕ್ಕೆ ಬಂಡವಾಳ ಹಾಕ್ತಿದೆ. ನಿಮ್ಮಿಂದ ಕೇಳ್ತಿರೋದು ಒಂಬತ್ತು ಗಿಡ ಮಾತ್ರ."

ಮುದಿಯಪ್ಪನಿಗೆ ಕೌದಿಯ ಮಾತು ಮನಸ್ಸಿಗೆ ನಾಟಿತು. ಕೊಪ್ಪಳದ ಸ್ಟೇಷನ್ನಿನಲ್ಲಿ ಉಗಿಬಂಡಿ ಉಗುಳುವ ಕರಿಹೊಗೆಯನ್ನು ಅವನು ಕಂಡಿದ್ದ. ಅದೆಲ್ಲ ಮೇಲೆ ಕೂತರೆ ಕೆಳಗಿನ ಜೀವ ಉಸಿರಾಡುವುದು ಹೇಗೆ? ಜಗತ್ತಿನ ಗಿಡಗಳು ಉಳಿಯುವುದಾದರೆ ಅವ್ವ ಒಂಬತ್ತನ್ನು ಕೊಟ್ಟಾಳು ಎಂದುಕೊಂಡ.

"ಕಾಗದದಾಗ ಬರಸ್ಕೋ ಮುದಿಯಪ್ಪಾ. ಒಂಬತ್ತು ಅಂದ್ರ ಒಂಬತ್ತು ಅಂತ" ಎಂದು ಕಾಳಪ್ಪ ಪಿಸುಗುಟ್ಟಿದ.

"ಭಂಡಾರ ಇರುವಾಗ ಕಾಗದ ಯಾಕೋ? ನಾಚಿಕಿ ಬರಂಗಿಲ್ಲೇನು?" ಎಂದು ಮುದಿಯಪ್ಪ ಗದರಿದ. ಚೀಲ ಬಿಚ್ಚಿ ಸಾಹೇಬರ ಮುಂದೆ ಹಿಡಿದ. ಸಾಹೇಬರು ಚಪ್ಪಲಿ ಕಳಚಿ, ಭಂಡಾರಕ್ಕೆ ಕೈಯಿಟ್ಟು, ಒಂಬತ್ತರ ಮೇಲೆ ಹತ್ತನೆಯದನ್ನು ಮುಟ್ಟುವುದಿಲ್ಲವೆಂದು ನುಡಿದು, ಹಣೆಗೂ ಹಚ್ಚಿಕೊಂಡರು. ಊರು ಒಪ್ಪಿತು. ಕಡಿಯಬೇಕಾದ ಒಂಬತ್ತು ಗಿಡಗಳಿಗೆ ಮುದಿಯಪ್ಪನೇ ಗುರುತಿಗೆ ಸುಣ್ಣದ ಪಟ್ಟಿ ಬಳಿದ.

ಏಳು ತಿಂಗಳು ಕೆಲಸ ನಡೆಯಿತು. ಸಾಹೇಬರು ಎಷ್ಟೋ ಮಧ್ಯಾಹ್ನ ಮುದಿಯಪ್ಪನ ಮನೆಯಲ್ಲಿ ರೊಟ್ಟಿ ಉಂಡರು. ಯಂತ್ರ ಕೊರೆದು ತೆಗೆದ ಒಂದು ದುಂಡನೆಯ ಕಲ್ಲಿನ ತುಂಡನ್ನು ನೆನಪಿಗೆಂದು ಕೊಟ್ಟರು. ಮುದಿಯಪ್ಪ ಅದನ್ನು ದೇವರ ಜಗುಲಿಯ ಮೇಲೆ ಇಟ್ಟರೆ, ಹೆಂಡತಿ ಹಂಪವ್ವ ಅದರಿಂದ ಬೆಳ್ಳುಳ್ಳಿ ಕುಟ್ಟತೊಡಗಿದಳು.

"ಏನಿದು? ಸಾಹೇಬ್ರು ಪ್ರೀತೀಲೆ ಕೊಟ್ಟದ್ದು!"

"ಅವರ ಪ್ರೀತಿ ಚಟ್ನಿಗೆ ಭಾಳ ಛಲೋ ಐತ್ರಿ" ಎಂದಳು ಅವಳು.

ಆ ಹೊತ್ತಿಗೆ ಸಾಣಾಪುರದಲ್ಲಿದ್ದ ಮಗಳು ಯಮನೂರಮ್ಮನ ಕೂಸಿನ ತೊಟ್ಟಿಲ ಕಾರ್ಯ ಬಂದಿತು. ಗಿಡಗಳನ್ನು ಬಿಟ್ಟು ಒಂದು ರಾತ್ರಿಯೂ ಇರದವನು ಅನುಮಾನಿಸುತ್ತ ನಿಂತಾಗ ಸಾಹೇಬರು ಬೆನ್ನು ತಟ್ಟಿದರು: "ಹೋಗಿ ಬನ್ನಿ ಮುದಿಯಪ್ಪ. ನಾನಿಲ್ವೇ?"

ಎಂಟು ದಿನಗಳ ಮೇಲೆ ಗಂಡಹೆಂಡಿರು ಬಸ್ಸಿನಿಂದ ಇಳಿದಾಗ ಡೇರೆಗಳಿರಲಿಲ್ಲ. ಗುಡ್ಡ ಬೋಳಾಗಿ ಕಾಣುತ್ತಿತ್ತು. ಮುದಿಯಪ್ಪ ಗಂಟನ್ನು ಅಲ್ಲಿಯೇ ಬಿಟ್ಟು ಓಡಿದ. ಸುಣ್ಣ ಕಾಣದ ಮೂವತ್ತೊಂದು ಗಿಡಗಳೂ ಬುಡದಲ್ಲಿ ಕೊಯ್ದು ಹೋಗಿದ್ದವು. ಕೊಯ್ದ ಮೈಯಿಂದ ಇನ್ನೂ ಕೆಂಪು ರಸ ಜಿನುಗುತ್ತಿತ್ತು. ಉಳಿದದ್ದು ಚಕ್ಕೆ, ಸೊಪ್ಪು, ಲಾರಿಯ ಗಾಲಿಯ ಗುರುತು.

ಕಾಳಪ್ಪ ಮುಖ ತಿರುಗಿಸಿಕೊಂಡೇ ನಡೆದದ್ದನ್ನು ಹೇಳಿದ. ಕ್ಯಾಂಪಿನ ಗುತ್ತಿಗೆದಾರ ಐದು ಲಾರಿ ತಂದು, ಗಿಡ ಕಡಿಸಿ, ಗಂಗಾವತಿಯ ಕಡೆಯ ಇಟ್ಟಂಗಿ ಭಟ್ಟಿಗೆ ಒಯ್ದಿದ್ದ. ತಡೆಯಲು ಹೋದವರಿಗೆ ಸಾಹೇಬರ ಸಹಿಯ ಕಾಗದ ತೋರಿಸಿ, "ಮುದಿಯಪ್ಪಗ ಎಲ್ಲಾ ಗೊತ್ತೈತಿ" ಎಂದಿದ್ದ.

"ನೀ ಊರು ಬಿಟ್ಟದ್ದೂ ಅದಽ ವ್ಯಾಳ್ಯಾಕ್ಕ ನೋಡು" ಎಂದ ಕಾಳಪ್ಪ.

ಗಿಡ ಹೋದ ದುಃಖದ ಮೇಲೆ ಈ ಮಾತು ಕೂತಿತು. ತಾನು ಅವ್ವನನ್ನು ಮಾರಿದೆನೆಂದು ಊರು ತಿಳಿದಿದೆ! ಮರುದಿನ ಮುದಿಯಪ್ಪ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಹೋದ. ಸಾಹೇಬರ ಬಾಡಿಗೆಯ ಕೋಣೆಯಲ್ಲಿ ಪೆಟ್ಟಿಗೆಗಳು ಕಟ್ಟಿ ಸಿದ್ಧವಾಗಿದ್ದವು.

"ಗಣಿ ಮಾಡುವಷ್ಟು ಅದಿರಿಲ್ಲ ಅಂತ ಮೇಲಿಂದ ಬಂತು, ಮುದಿಯಪ್ಪ. ಯಂತ್ರ ಇಳಿಸೋಕೆ ದಾರಿ ಅಗಲ ಆಗಬೇಕು ಅಂದ ಗುತ್ತಿಗೆದಾರ. ಸಹಿ ಹಾಕಿದೆ. ಎಷ್ಟು ಗಿಡ ಅಂತ ಕೇಳಲಿಲ್ಲ."

"ಭಂಡಾರ ಮುಟ್ಟಿದ್ರಿ, ಸಾಹೇಬ್ರ."

ಸಾಹೇಬರು ಒಂದು ಪೆಟ್ಟಿಗೆಯ ಹಗ್ಗ ಬಿಗಿದರು. "ಅದು ನಿಮ್ಮ ಸಮಾಧಾನಕ್ಕೆ ಮುಟ್ಟಿದ್ದು. ಕೆಲಸ ದೊಡ್ಡದು, ಇಲ್ಲಿ ಸಿಗದಿದ್ದರೆ ಇನ್ನೊಂದು ಕಡೆ ಸಿಗುತ್ತೆ."

"ದೊಡ್ಡ ಕೆಲಸಾನ ಖರೆ. ಅದಕ್ಕಽ ಕೊಟ್ಟೆ ನಾ. ಮುಗಿಲಿಗೆ ಹೊಗಿ ಹೋಗಬಾರದು ಅಂದ್ರಿ. ನಮ್ಮವ್ವನ ಗಿಡ ಈಗ ಭಟ್ಟ್ಯಾಗ ಹೊಗಿ ಆಗಾಕತ್ತಾವು. ಹೋಗ್ಲಿ ಬಿಡ್ರಿ, ಅವನ್ನ ನೀವು ತಿರುಗಿ ಕೊಡಾಕ ಆಗಂಗಿಲ್ಲ. ಒಮ್ಮಿ ಊರಿಗೆ ಬಂದು, ಇದು ಮುದಿಯಪ್ಪಗ ಗೊತ್ತಿರಲಿಲ್ಲ ಅಂತ ಹೇಳ್ರಿ. ಅಷ್ಟಽ ಸಾಕು."

"ನನಗೆ ವರ್ಗ ಆಗಿದೆ. ಇವತ್ತೇ ರೈಲು. ಬರೆದು ಕೊಡ್ತೀನಿ, ತೋರಿಸಿ." ಸಾಹೇಬರು ಅವಸರದಲ್ಲಿ ನಾಲ್ಕು ಸಾಲು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟರು. ಓದಲು ಬಾರದ ಮುದಿಯಪ್ಪ ಅದನ್ನು ಮಡಚಿ ಭಂಡಾರದ ಚೀಲದಲ್ಲಿಯೇ ಇಟ್ಟುಕೊಂಡು ಬಂದ.

ಸಂಜೆ ಬಾನುಬೀಯ ಅಂಗಡಿಯ ಮುಂದೆ ಊರು ಕೂಡಿತು. ಕಾಳಪ್ಪ ಅರಿಶಿನ ಮೆತ್ತಿದ ಕಾಗದವನ್ನು ಬಿಡಿಸಿ ಗಟ್ಟಿಯಾಗಿ ಓದಿದ: "ಈ ಊರಿನ ಮುದಿಯಪ್ಪ ಎಂಬುವರು ನಮ್ಮ ಕ್ಯಾಂಪಿನ ಎಲ್ಲ ಕೆಲಸಗಳಿಗೂ ಮೊದಲಿನಿಂದ ಕೊನೆಯವರೆಗೆ ಪೂರ್ಣ ಸಹಕಾರ ನೀಡಿರುತ್ತಾರೆ. ಇವರಿಗೆ ಶುಭವಾಗಲಿ."

ಹಿಂದಿನಿಂದ ಯಾರೋ ನಕ್ಕರು. "ಕೊನೀತನಕಾ ಅಂತಪಾ!"

ಕಾಗದ ಕೇಳದೆ ಒಮ್ಮೆ ಕೆಟ್ಟ ಮುದಿಯಪ್ಪ, ಕಾಗದ ನಂಬಿ ಇನ್ನೊಮ್ಮೆ ಕೆಟ್ಟಿದ್ದ.

ಒಲೆಯ ಹಿಂದಿನಿಂದ ಬಾನುಬೀ ಎದ್ದು ಬಂದಳು. "ನಗಬ್ಯಾಡ್ರಿ. ನನ್ನ ಮಗಳು ಬಾಣಂತಿ ಇದ್ದಾಗ ಕಾಲಿಗೆ ಬಿದ್ದಂಗ ಕೇಳಿದ್ದೆ, ಒಂದು ಒಣಾ ಟೊಂಗಿ ಕೊಡ್ಲಿಲ್ಲ ಈ ಮನಷ್ಯಾ. ಆವತ್ತು ಭಾಳ ಬೈದೀನಿ ಇವಗ. ಆದ್ರ ಅವತ್ತು ನನಗ ಕೊಡದವ ಇವತ್ತು ಲಾರಿಗೆ ಮಾರ್ಯಾನ ಅಂದ್ರ ನಾ ನಂಬಂಗಿಲ್ಲ."

ಮಂದಿ ಒಬ್ಬೊಬ್ಬರಾಗಿ ಎದ್ದು ಹೋದರು. ಕೆಲವರು ಅವಳ ಮಾತು ನಂಬಿದರು. ಕೆಲವರು ಕಾಗದವನ್ನೇ ನಂಬಿದರು. ಬಾನುಬೀ ಒಂದು ಕಪ್ ಚಹಾ ತಂದು ಮುಂದಿಟ್ಟಳು. ಮುದಿಯಪ್ಪ ಅದನ್ನು ಕುಡಿಯಲಾರದೆ, ಮುಖಕ್ಕೆ ಟವೆಲ್ಲು ಮುಚ್ಚಿಕೊಂಡು ಅತ್ತ.

ಅಂದೇ ಅವನು ಚೀಲವನ್ನು ಕೊರಳಿನಿಂದ ತೆಗೆದು ಅವ್ವನ ಗುಡಿಯ ಗೂಟಕ್ಕೆ ಸಿಕ್ಕಿಸಿದ. ಮತ್ತೆ ಹಾಕಿಕೊಳ್ಳಲಿಲ್ಲ. ಮೂರು ನಾಲ್ಕು ವರುಷಗಳ ಮೇಲೆ, ಹೊಲ ಹಂಚಿಕೊಳ್ಳಲು ಕೂತ ಅಣ್ಣತಮ್ಮಂದಿರಿಬ್ಬರು ಭಂಡಾರ ಮುಟ್ಟಿಸೆಂದು ಅವನ ಮನೆಗೆ ಬಂದರು.

"ಕೊಪ್ಪಳಕ್ಕ ಹೋಗಿ ಛಾಪಾ ಕಾಗದ ತರ್ರೆಪಾ" ಎಂದ ಮುದಿಯಪ್ಪ, ಅವರ ಮುಖ ನೋಡದೆ. "ಬರಸಿದ ಮ್ಯಾಲ ಯಾರ ಕಡಿಂದಾದ್ರೂ ಒಮ್ಮಿ ಓದಿಸಿ ಕೇಳ್ರಿ. ಆಮ್ಯಾಲ ಕಿಸೆದಾಗ ಇಟ್ಕೋರಿ."