ದರಗಿನ ರಾಶಿ

ಒಣಗಿದ ದರಗಿನ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಅಕ್ಕನ ಬೆರಳುಗಳು ನೆನಪಾಗುತ್ತವೆ. ಹೊಸನಗರದ ಕಡೆಯ ನಮ್ಮ ಮನೆಯಲ್ಲಿ ದನಗಳ ಕಾಲಡಿ ಹಾಸಲು, ಸುಗ್ಗಿ ಮುಗಿದ ಮೇಲೆ ಕಾಡಿನಿಂದ ಉದುರೆಲೆ ಗುಡಿಸಿ ತರುತ್ತಿದ್ದೆವು. ಅದೇ ದರಗು. ನಿಮ್ಮ ಮನೆಯಲ್ಲೂ ಅಂಥ ರಾಶಿ ಇದ್ದಿದ್ದರೆ ಗೊತ್ತಿರುತ್ತದೆ, ಅದರ ಮೇಲೆ ಹಾರದೆ ಇರಲು ಮಕ್ಕಳಿಂದ ಆಗುವುದಿಲ್ಲ. ನಾವಿಬ್ಬರೂ ಹೊರಳಾಡಿ ಮೈಗೆಲ್ಲ ರಕ್ತ ಹೀರುವ ಉಣುಗು ಹತ್ತಿಸಿಕೊಳ್ಳುತ್ತಿದ್ದೆವು. ಸಂಜೆ ಜಗುಲಿಯಲ್ಲಿ ಅಕ್ಕ ನನ್ನ ಕಿವಿ ಹಿಡಿದು ಒಂದೊಂದನ್ನೇ ಕೀಳುವಳು. "ಅಲ್ಲಾಡ್ಬೇಡ್ವೋ, ಅದರ ತಲೆ ಒಳಗೇ ಉಳ್ಕಂಡ್ರೆ ನಿಂಗೆ ಬಾಲ ಬರುತ್ತೆ" ಎಂದು ಹೆದರಿಸುವಳು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅವಳು ಓದಿ, ಮಕ್ಕಳ ಡಾಕ್ಟರಾಗಿ ಸಾಗರಕ್ಕೆ ಬಂದಳು. ಮಂಗ ಸತ್ತ ಕಾಡಿನ ಉಣುಗು ಕಚ್ಚಿ ಬರುವ ಜ್ವರ ಕಾಡಿಗೆ ಹೋಗುವ ದೊಡ್ಡವರದ್ದು ಎಂದೇ ಎಲ್ಲರೂ ತಿಳಿದಿದ್ದರು. ದರಗಿನ ಜೊತೆ ಅದು ಮನೆಯ ಮಕ್ಕಳ ತನಕ ಬರುತ್ತದೆ ಎಂದು ನಮ್ಮ ಕಡೆ ಮೊದಲು ಹೇಳಿದವಳು ಅಕ್ಕ. ತೀರ್ಥಹಳ್ಳಿಯವರೆಗೂ ಹಳ್ಳಿ ಸುತ್ತಿ, ಕೊಟ್ಟಿಗೆಗಳಿಗೆ ಬಗ್ಗಿ ನೋಡುವಳು. "ಮಂಗನ ಡಾಕ್ಟ್ರಮ್ಮ ಬಂದ್ರು, ಬಾಲ ಮುಚ್ಕಳ್ರೋ" ಎಂದು ಜನ ನಗುತ್ತಿದ್ದರು. ಅವಳೂ ನಗುವಳು.

ಒಂದು ವರ್ಷ ದರಗು ತರುವ ಹಾದಿಯಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಹನುಮಂತನಲ್ಲವೇ, ಹಾಗೇ ಬಿಡಬಾರದು. ಗುಂಡಿ ತೋಡಿ, ಕುಂಕುಮವಿಟ್ಟು, ಹೂ ಹಾಕಿ ಮಣ್ಣು ಮಾಡಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಆಸ್ಪತ್ರೆಯವರು ಅಗೆದು ಕೊಯ್ಯುತ್ತಾರೆ, ಕಾಡಿಗೆ ಕಾಲಿಡಬೇಡಿ ಅನ್ನುತ್ತಾರೆ. ನನಗೆ ಇನ್ನೂ ಅರ್ಧ ದರಗು ತರುವುದಿತ್ತು.

ಪಕ್ಕದ ಮನೆಯ ಸುಮಿ ನಮ್ಮ ರಾಶಿಯ ಮೇಲೇ ಆಡುವ ಹುಡುಗಿ. ಅವಳಿಗೆ ಜ್ವರ ಬಂದಾಗ ಅಕ್ಕ ನಮ್ಮ ಮನೆಗೆ ಬಂದಿದ್ದಳು. ತಾಯಿ ಮಗುವನ್ನು ಜಗುಲಿಗೇ ಎತ್ತಿ ತಂದಳು. ಅಕ್ಕ ಹಣೆ ಮುಟ್ಟಿ, ಕಣ್ಣು ನೋಡಿ, ನನ್ನತ್ತ ತಿರುಗಿದಳು.

"ತಮ್ಮಾ, ಈ ಸಲ ಮಂಗ ಏನಾದ್ರೂ ಬಿದ್ದಿತ್ತೇನೋ?"

"ಇಲ್ಲ ಕಣಕ್ಕ."

"ಸರಿಯಾಗಿ ನೆನಪು ಮಾಡ್ಕ."

"ಬಿದ್ದಿದ್ರೆ ನಿಂಗೆ ಹೇಳ್ತಿರ್ಲಿಲ್ವಾ?"

ಅಕ್ಕ ನಂಬಿದಳು. ಸಾಗರಕ್ಕೆ ಕರೆದೊಯ್ಯುವ ಬದಲು ಔಷಧಿ ಕೊಟ್ಟು, ಜ್ವರ ಇಳಿಯದಿದ್ದರೆ ಕರೆತನ್ನಿ ಎಂದು ಹೊರಟಳು. ಆಮೇಲೆ ಕರೆದೊಯ್ಯುವಾಗ ಸುಮಿಯ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಮಗು ಉಳಿಯಲಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ಅಕ್ಕ ಆ ತಾಯಿಯ ಕೈ ಹಿಡಿದು, "ನಂದೇ ತಪ್ಪು ಕಣಮ್ಮಾ, ಅವತ್ತೇ ಕರ್ಕಂಡು ಹೋಗ್ಬೇಕಿತ್ತು" ಎಂದಳು. ನಾನು ಅಲ್ಲೇ ನಿಂತಿದ್ದೆ. ಮುಂದೆ ಎಷ್ಟೋ ಮಕ್ಕಳನ್ನು ಉಳಿಸಿದಳು. ಎಳೆಯ ಡಾಕ್ಟರುಗಳಿಗೆ ಕಲಿಸುವಾಗ ಸುಮಿಯ ವಿಷಯ ತೆಗೆದು, ತನ್ನ ಕಣ್ಣು ತಪ್ಪಿತು ಎಂದೇ ಹೇಳುತ್ತಿದ್ದಳಂತೆ. ಹಾಗೆ ನಂಬಿಕೊಂಡೇ ತೀರಿಕೊಂಡಳು.

ಆ ಕೊಟ್ಟಿಗೆ, ಜಗುಲಿ ಯಾವುದೂ ಈಗಿಲ್ಲ. ಕಾಡಿನಂಚಿನಲ್ಲಿ ಸತ್ತ ಮಂಗ ಕಂಡರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ಫೋನು ಮಾಡುತ್ತೇನೆ. "ಯಾರು ಮಾತಾಡ್ತಿರೋದು?" ಎಂದು ಕೇಳುತ್ತಾರೆ. ಡಾಕ್ಟ್ರಮ್ಮನ ತಮ್ಮ ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ನಾನು ಊರಿನ ಹೆಸರಷ್ಟೇ ಹೇಳಿ ಫೋನು ಇಡುತ್ತೇನೆ.